ದಯವಿಟ್ಟಮ್ಮ ಎಲ್ಲಿದ್ದಳು?

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಭಾವ, ಅಂದರೆ ಅವಳ ಅಕ್ಕನ ಗಂಡ, ಒಂದು ದಿನ ಏನೋ ಕೆಲಸಕ್ಕೆ ಬ್ಯಾಂಕಿಗೆ ಫೋನ್ ಮಾಡಿದಾಗ ಆ ಕಡೆಯಿಂದ “ದಯವಿಟ್ಟು ನಿಮ್ಮ ಖಾತೆ ಸಂಖ್ಯೆಯನ್ನು ಒತ್ತಿ” ಎಂಬ ದನಿ ಬಂತು. ಭಾವ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟು, “ಲೇ, ನಿನ್ನ ತಂಗಿ ಬ್ಯಾಂಕ್ ಸೇರ್ಕೊಂಡಿದಾಳೆ ಕಣೇ!” ಎಂದು ಅಕ್ಕನನ್ನು ಕೂಗಿದರು. ಅವತ್ತಿನಿಂದ ಮನೆಯಲ್ಲಿ ಅವಳು ದಯವಿಟ್ಟಮ್ಮ. ಹೆತ್ತ ತಾಯಿಯೂ ಸಿಟ್ಟು ಬಂದಾಗ ಮಾತ್ರ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದರು.

ದಯವಿಟ್ಟಮ್ಮ ಬ್ಯಾಂಕನ್ನೇನೂ ಸೇರಿರಲಿಲ್ಲ. ದನಿ ಮಾರುವುದು ಅವಳ ಕಸುಬು. ಮದುವೆಗೆ ಮುಂಚೆ ಹತ್ತು ವರ್ಷ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಬರುವುದೇ ಇಲ್ಲ ಎಂದು ಹೇಳುತ್ತಿದ್ದಳು. ಬರದ ಬಸ್ಸಿನ ಸುದ್ದಿಯನ್ನೂ ಅವಳು ಎಷ್ಟು ನಯವಾಗಿ ಹೇಳುತ್ತಿದ್ದಳೆಂದರೆ, ಬೈಯಲು ಎದ್ದ ಜನ ಮತ್ತೆ ಕೂತುಬಿಡುತ್ತಿದ್ದರು. ಆಮೇಲೆ ಬೇರೆ ದೇಶದಲ್ಲಿ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನೊಬ್ಬನ ಜೊತೆ ಮದುವೆಯಾಯಿತು. ಗಂಡನ ಹಿಂದೆ ಹೋದಳು. ಅಲ್ಲಿಯ ಭಾಷೆ ಗೊತ್ತಿಲ್ಲದೆ ಒಂದು ವರ್ಷ ಬಾಯಿಗೆ ಕೆಲಸವಿಲ್ಲದೆ ಕೂತಳು. ಆಮೇಲೆ ತವರಿನ ಕಡೆಯ ಕಂಪನಿಯೊಂದು, ಬಸ್ ನಿಲ್ದಾಣದ ಆ ದನಿ ಎಲ್ಲಿ ಹೋಯಿತು ಎಂದು ಹುಡುಕಿಕೊಂಡು ಮೇಲ್ ಕಳಿಸಿತು. ಅಲ್ಲಿಂದ ಶುರುವಾಯಿತು. ಬ್ಯಾಂಕು, ಆಸ್ಪತ್ರೆ, ರೈಲು, ಗ್ಯಾಸ್ ಏಜೆನ್ಸಿ, ಎಲ್ಲರಿಗೂ ಅವಳೇ. ಯಾರ ನೌಕರಿಯಲ್ಲೂ ಇಲ್ಲ, ಎಲ್ಲರ ಫೋನಿನಲ್ಲೂ ಇದ್ದಾಳೆ.

ಸ್ಟುಡಿಯೋ ಅಂದರೆ ಮಲಗುವ ಕೋಣೆಯ ಬಟ್ಟೆ ಕಪಾಟು. ಬಾಗಿಲು ತೆಗೆದರೆ ಎಡಕ್ಕೆ ಗಂಡನ ದಪ್ಪ ಕೋಟುಗಳು, ಬಲಕ್ಕೆ ಮಡಚಿಟ್ಟ ರಜಾಯಿಗಳು, ನಡುವೆ ಒಂದು ಮೋಟು ಸ್ಟೂಲು. ಮೈಕನ್ನು ಹ್ಯಾಂಗರಿಗೆ ಕಟ್ಟಿದ್ದಳು. ಒಳಗೆ ಹೋಗಿ ಬಾಗಿಲೆಳೆದುಕೊಂಡರೆ ಕೋಟುಗಳು ಗದ್ದಲವನ್ನೆಲ್ಲ ನುಂಗುತ್ತಿದ್ದವು. ಮೂಲೆಯಲ್ಲಿ ತಿರುಗುವ ಟ್ರ್ಯಾಮಿನ ಕಿರುಚಾಟ ಮತ್ತು ಗಂಡನ ಸೀನು, ಇವೆರಡನ್ನು ಮಾತ್ರ ನುಂಗಲು ಅವುಗಳಿಂದ ಆಗುತ್ತಿರಲಿಲ್ಲ.

ಬಸ್ ನಿಲ್ದಾಣದ ಶಿಸ್ತು ಅವಳನ್ನು ಬಿಟ್ಟಿರಲಿಲ್ಲ. ಪ್ರತಿ ರೆಕಾರ್ಡಿಂಗಿನ ಶುರುವಿನಲ್ಲಿ ತಾರೀಕು, ಜಾಗ, ಎಷ್ಟನೇ ಟೇಕು ಎಂದು ಹೇಳಿಯೇ ಮುಂದುವರಿಯುತ್ತಿದ್ದಳು. ಕಂಪನಿಗೆ ಕಳಿಸುವಾಗ ಅದನ್ನು ಕತ್ತರಿಸುತ್ತಿದ್ದಳು, ತನ್ನ ಬಳಿ ಇಡಿಯಾಗಿ ಇಟ್ಟುಕೊಳ್ಳುತ್ತಿದ್ದಳು. ದುಡಿದದ್ದಕ್ಕೆಲ್ಲ ತಾನಿರುವ ದೇಶದಲ್ಲೇ ವರ್ಷವರ್ಷವೂ ತಪ್ಪದೆ ತೆರಿಗೆ ಕಟ್ಟುತ್ತಿದ್ದಳು. ಅಲ್ಲಿಗೆ ತನ್ನ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದಳು.

ಹೀಗಿರುವಾಗ ಅಮ್ಮನ ಮಂಡಿ ಕೈಕೊಟ್ಟಿತು. ಒಂದಲ್ಲ, ಎರಡೂ. ಡಾಕ್ಟರು ಒಂದಾದ ಮೇಲೆ ಒಂದು ಬದಲಾಯಿಸೋಣ ಎಂದರು. ಅಮ್ಮ ಅಕ್ಕನ ಮನೆಯಲ್ಲಿದ್ದರು. ಅಕ್ಕನಿಗೋ ಶಾಲೆಯ ಕೆಲಸ, ರಜೆಯಿಲ್ಲ. ದಯವಿಟ್ಟಮ್ಮನೇ ಬಂದಳು. ಮೊದಲ ಮಂಡಿಗೆ ಜನವರಿ ಒಂಬತ್ತಕ್ಕೆ ಬಂದು ಏಪ್ರಿಲ್ ಹನ್ನೆರಡಕ್ಕೆ ಹೋದಳು. ಎರಡನೇ ಮಂಡಿಗೆ ಜೂನ್ ಮೂರಕ್ಕೆ ಬಂದು ಆಗಸ್ಟ್ ಹದಿನೆಂಟಕ್ಕೆ ಹೋದಳು. ಕೆಲಸ ಬಿಡುವಂತಿರಲಿಲ್ಲವಾದ್ದರಿಂದ ಅಕ್ಕನ ಸ್ಟೋರ್ ರೂಮಿನಲ್ಲಿ, ಅಕ್ಕಿ ಮೂಟೆಗೂ ಹಳೇ ಹಾಸಿಗೆಗೂ ನಡುವೆ ಕೂತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು.

ಮರುವರ್ಷ ಫೆಬ್ರವರಿಯ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು.

“ಲೇ, ನಿನಗೊಂದು ಕಾಗದ ಬಂದಿದೆ. ಇನ್‌ಕಮ್ ಟ್ಯಾಕ್ಸಿನವರದ್ದು. ನೀನು ಇಲ್ಲೇ ಇದೀಯಂತೆ.”

“ಎಲ್ಲಿ?”

“ನಮ್ಮನೇಲಿ. ಹೋದ ವರ್ಷ ಮುನ್ನೂರ ಆರು ದಿನ ಇದ್ದೆಯಂತೆ. ಅಷ್ಟು ದಿನ ಇದ್ದಿದ್ರೆ ಪಾತ್ರೆ ತೊಳೆಯೋದು ನನಗೆ ತಪ್ತಿತ್ತು.”

ಅಕ್ಕ ಕಾಗದವನ್ನು ಪೂರ್ತಿ ಓದಿ ಹೇಳಿದಳು. ಜನವರಿಯಿಂದ ಡಿಸೆಂಬರಿನವರೆಗಿನ ವರ್ಷದಲ್ಲಿ ನೂರ ಎಂಬತ್ತಮೂರು ದಿನ ದೇಶದಲ್ಲಿದ್ದವರನ್ನು ನಿವಾಸಿ ಎಂದು ಹಿಡಿಯುತ್ತಾರೆ. ನಿವಾಸಿಯಾದವರು ಭೂಮಿಯ ಮೇಲೆ ಎಲ್ಲಿ ದುಡಿದರೂ ಇಲ್ಲಿ ಲೆಕ್ಕ ಕೊಡಬೇಕು. ಸರ್ಕಾರದ ಕಂಪ್ಯೂಟರಿನ ಪ್ರಕಾರ ದಯವಿಟ್ಟಮ್ಮ ಜೂನ್ ಮೂರಕ್ಕೆ ಗಡಿ ದಾಟಿ ಒಳಗೆ ಬಂದವಳು ಹೊರಗೆ ಹೋಗಿಯೇ ಇಲ್ಲ.

ಪಾಸ್‌ಪೋರ್ಟ್ ತೆಗೆದು ನೋಡಿದಳು. ಮೊದಲ ಸಲ ಬಂದ ಠಸ್ಸೆ ಇತ್ತು, ಹೋದ ಠಸ್ಸೆ ಇತ್ತು. ಎರಡನೇ ಸಲ ಬಂದದ್ದಿತ್ತು, ಹೋದದ್ದಿಲ್ಲ. ಅವತ್ತು ಗಡಿಯಲ್ಲಿ ಹೊಸದಾಗಿ ಮೆಷಿನ್ ಗೇಟು ಹಾಕಿದ್ದರು. ಪಾಸ್‌ಪೋರ್ಟ್ ಒತ್ತಿದರೆ ಗೇಟು ತೆರೆದುಕೊಳ್ಳಬೇಕಿತ್ತು. ತೆರೆದುಕೊಂಡಿತ್ತು ಕೂಡ. ಬರೆದುಕೊಳ್ಳುವುದನ್ನು ಮಾತ್ರ ಮರೆತಿತ್ತು.

“ಫೋನ್ ಮಾಡಿ ಕೇಳು, ಅದಕ್ಕೇನಂತೆ,” ಎಂದ ಗಂಡ.

ಸೋಮವಾರ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. “ಆದಾಯ ತೆರಿಗೆ ಸಹಾಯವಾಣಿಗೆ ಸ್ವಾಗತ” ಎಂದು ಮಾತು ಬಂದ ಕೂಡಲೇ ಗಂಡ ಹೆಂಡತಿ ಮುಖಮುಖ ನೋಡಿಕೊಂಡರು. ಮೂರು ವರ್ಷದ ಹಿಂದೆ ಇದೇ ಕಪಾಟಿನಲ್ಲಿ ಕೂತು ಅವಳೇ ಹೇಳಿದ್ದ ಮಾತು. ಕಂಪನಿಯವರು ಕೊಟ್ಟ ನೂರಾರು ಕೆಲಸಗಳಲ್ಲಿ ಅದೂ ಒಂದು, ಹೇಳಿ ಕಳಿಸಿ ಮರೆತುಬಿಟ್ಟಿದ್ದಳು.

“ವಿದೇಶದಲ್ಲಿ ನೆಲೆಸಿ ಸ್ವಂತವಾಗಿ ಕೆಲಸ ಮಾಡುವವರು, ದಯವಿಟ್ಟು ಆರನ್ನು ಒತ್ತಿ.”

ಒತ್ತಿದಳು.

“ನಿಮ್ಮ ಪ್ರಶ್ನೆಗೆ ಉತ್ತರ ಪಡೆಯಲು, ದಯವಿಟ್ಟು ಹತ್ತಿರದ ತೆರಿಗೆ ಕಚೇರಿಗೆ ಖುದ್ದಾಗಿ ಭೇಟಿ ನೀಡಿ. ಧನ್ಯವಾದಗಳು.” ಕರೆ ಕಡಿದುಹೋಯಿತು.

“ವಿದೇಶದಲ್ಲಿರೋರಿಗೆ ಹತ್ತಿರದ ಕಚೇರಿ ಎಲ್ಲಿರತ್ತೆ?” ಎಂದ ಗಂಡ.

“ನಂಗೇನು ಗೊತ್ತು? ಬರ್ದುಕೊಟ್ರು, ಓದಿದೆ.”

ಇನ್ನೊಮ್ಮೆ ಮಾಡಿ, ಅಧಿಕಾರಿಯೊಂದಿಗೆ ಮಾತನಾಡಲು ಒಂಬತ್ತನ್ನು ಒತ್ತಿದಳು. ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ ಎಂದಿತು. ಕಾದಳು. ಅರ್ಧ ನಿಮಿಷಕ್ಕೊಮ್ಮೆ ಅದೇ ಮಾತು. ಇಪ್ಪತ್ತು ನಿಮಿಷ ಕಳೆಯುವ ಹೊತ್ತಿಗೆ ಅವಳಿಗೆ ತೆರಿಗೆಯ ಚಿಂತೆ ಹೋಗಿ, “‘ಅಮೂಲ್ಯ’ ಅನ್ನೋದನ್ನ ಸ್ವಲ್ಪ ಎಳೆದುಬಿಟ್ಟಿದೀನಿ ಅಲ್ವೇನ್ರೀ?” ಎಂಬ ಚಿಂತೆ ಹತ್ತಿಕೊಂಡಿತ್ತು.

“ಮದುವೆಯಾಗಿ ಒಂಬತ್ತು ವರ್ಷ ಆಯ್ತು,” ಎಂದ ಗಂಡ. “ನಿನ್ನ ಮಾತಿಗೆ ನಾನು ಉತ್ತರ ಕೊಡೋಕಾಗದೆ ಕೂತಿರೋದು ದಿನಾ ಇದ್ದಿದ್ದೇ. ನೀನೇ ಹಾಗೆ ಕೂತಿರೋದನ್ನ ಇವತ್ತೇ ನೋಡಿದ್ದು.”

ನಲವತ್ತು ನಿಮಿಷವಾದ ಮೇಲೆ ಫೋನಿಟ್ಟು ಬಸ್ಸಿನ ಟಿಕೆಟ್ ತೆಗೆಸಿದಳು. ಒಂಬತ್ತು ಗಂಟೆಯ ದಾರಿ. ಹೋಗಿ ಬರುವುದೂ ಸೇರಿ ನಾಲ್ಕು ದಿನ ಎಂದುಕೊಂಡಳು. ಈ ಸಲ ಗಡಿಯಲ್ಲಿ ಮೆಷಿನ್ ಗೇಟಿನ ಕಡೆ ತಿರುಗಿಯೂ ನೋಡದೆ, ಠಸ್ಸೆ ಹಾಕುವ ಮನುಷ್ಯನ ಮುಂದೆ ಹೋಗಿ ನಿಂತು, ಹಾಕಿದ್ದು ಸರಿಯಾಗಿ ಮೂಡಿದೆಯೇ ಎಂದು ಊದಿ ನೋಡಿಕೊಂಡಳು.

ತೆರಿಗೆ ಕಚೇರಿಯಲ್ಲಿ ಸಾಲಾಗಿ ಜೋಡಿಸಿದ ಕಬ್ಬಿಣದ ಕುರ್ಚಿಗಳು. ಒಬ್ಬರು ಎದ್ದರೆ ಆರು ಜನ ಅಲುಗಾಡುತ್ತಿದ್ದರು. ಅವಳ ಟೋಕನ್ ಐವತ್ತೆರಡು. ಕೂತು ಎರಡು ನಿಮಿಷವಾಗಿರಲಿಲ್ಲ, ಗೋಡೆಯ ಮೇಲಿನ ಸ್ಪೀಕರು ಅವಳ ದನಿಯಲ್ಲಿ, “ಟೋಕನ್ ಸಂಖ್ಯೆ, ಮೂವತ್ತು, ಎಂಟು, ದಯವಿಟ್ಟು ಮೂರನೇ ಕೌಂಟರಿಗೆ ಬನ್ನಿ” ಎಂದಿತು. ಕಂಪನಿಯವರು ಅವಳಿಂದ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿಸಿಕೊಂಡಿದ್ದರು, ಇಲ್ಲಿ ಯಾರೋ ಅವನ್ನು ಒರಟಾಗಿ ಹೊಲಿದಿದ್ದರು.

ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಹಣೆ ಚಚ್ಚಿಕೊಂಡರು. “ಈ ಹೆಂಗಸಿಗೆ ಸ್ವಲ್ಪನಾದ್ರೂ ಅವಸರ ಇದೆಯೇನಮ್ಮಾ? ಬೆಳಗ್ಗೆಯಿಂದ ಹೀಗೇ ರಾಗ ಎಳೀತಿದಾಳೆ.”

ದಯವಿಟ್ಟಮ್ಮ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು, ಆದಷ್ಟು ದನಿ ಬದಲಾಯಿಸಿ, “ಪಾಪ, ಅವಳಿಗೆ ಹಾಗೇ ಹೇಳಿಕೊಟ್ಟಿರ್ತಾರೆ ಬಿಡಿ ಸರ್,” ಎಂದಳು.

ಮೂರನೇ ಕೌಂಟರಿನಲ್ಲಿ ಐವತ್ತೆಂಟರ ಆಸುಪಾಸಿನ ಅಧಿಕಾರಿ ಮೇಡಂ ಇದ್ದರು. ಕುರ್ಚಿಯ ಮೇಲೆ ಸ್ವಂತ ದಿಂಬು, ಮೇಜಿನ ಮೇಲೆ ಅವರ ಕಡೆಗೆ ಮಾತ್ರ ತಿರುಗುವ ಫ್ಯಾನು. ಕಾಗದ ನೋಡಿ, ಕಂಪ್ಯೂಟರ್ ನೋಡಿ, “ನೀವು ಜೂನ್ ಮೂರರಿಂದ ದೇಶದಲ್ಲೇ ಇದೀರಿ,” ಎಂದರು.

“ಇಲ್ಲ ಮೇಡಂ, ಆಗಸ್ಟ್ ಹದಿನೆಂಟಕ್ಕೆ ಹೋದೆ.”

“ಹೋಗಿಲ್ಲ.”

“ಹೋಗದಿದ್ರೆ ನಿನ್ನೆ ಹೇಗೆ ಬಂದೆ?”

“ಅದೂ ಬರ್ದಿದೆ ಇಲ್ಲಿ,” ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. “ಹೋಗದೇನೇ ಇನ್ನೊಂದ್ಸಲ ಬಂದಿದೀರಿ. ಅಂದ್ರೆ ಮಧ್ಯ ಯಾವತ್ತೋ ಹೋಗಿದೀರಿ, ಅದನ್ನ ನಾನೂ ಒಪ್ತೀನಿ. ಯಾವತ್ತು ಅನ್ನೋದು ಪ್ರಶ್ನೆ. ಆಗಸ್ಟಲ್ಲಿ ಹೋದ್ರೆ ಒಂದು ಲೆಕ್ಕ, ಡಿಸೆಂಬರಲ್ಲಿ ಹೋದ್ರೆ ಇನ್ನೊಂದು. ಟಿಕೆಟ್ ಇದೆಯಾ?”

ಇತ್ತು. ಪರ್ಸಿನ ಒಳ ಜೇಬಿನಲ್ಲಿ ಜೋಪಾನವಾಗಿ ಮಡಚಿಟ್ಟಿದ್ದಳು. ಮೇಡಂ ಬಿಡಿಸಿ ನೋಡಿದರು. ತಿರುಗಿಸಿ ನೋಡಿದರು. ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರು. ಬಸ್ಸಿನವರ ಆ ನುಣುಪು ಕಾಗದದಲ್ಲಿ ಅಚ್ಚು ಮಾಸಿ, ಹಾಲಿನಷ್ಟು ಬಿಳಿಯಾಗಿತ್ತು.

“ಇದರಲ್ಲೇನಿದೆ?”

“ಇತ್ತು ಮೇಡಂ.”

“ಬ್ಯಾಂಕ್ ಕಾರ್ಡು?”

“ಅಲ್ಲಿ ಉಪಯೋಗಿಸಿದ್ದು ಇದೆ. ಆದರೆ ಖಾತೆ ನನ್ನದೂ ನಮ್ಮ ಮನೆಯವರದ್ದೂ ಒಟ್ಟಿಗೆ.”

“ಹಾಗಾದ್ರೆ ಯಾರು ಕಾರ್ಡು ಉಜ್ಜಿದ್ರೋ ಹೇಗೆ ಹೇಳೋದು?” ಎಂದು ಮೇಡಂ ಕಾಗದಗಳನ್ನು ಜೋಡಿಸಿ ಹಿಂದಕ್ಕೆ ತಳ್ಳಿದರು.

ದಯವಿಟ್ಟಮ್ಮ ಕಾಗದಗಳನ್ನು ಮತ್ತೆ ಮುಂದಕ್ಕೆ ತಳ್ಳಿದಳು. ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದಳು. ತಾನು ಎಲ್ಲಿದ್ದೆ ಎಂಬುದು ತನಗೆ ಗೊತ್ತು, ಅಮ್ಮನಿಗೆ ಗೊತ್ತು, ಗಂಡನಿಗೆ ಗೊತ್ತು. ಇಲ್ಲಿ ಮಾತ್ರ ಗೊತ್ತಿಲ್ಲ. “ದಯವಿಟ್ಟು ಮೇಡಂ…” ಎಂದಳು.

ಮೇಡಂ ತಟ್ಟನೆ ತಲೆಯೆತ್ತಿದರು. “ಇನ್ನೊಂದ್ಸಲ ಹೇಳಿ.”

“ದಯವಿಟ್ಟು.”

ಅಷ್ಟರಲ್ಲಿ ಗೋಡೆಯ ಸ್ಪೀಕರೂ “ದಯವಿಟ್ಟು” ಎಂದಿತು. ಮೇಡಂ ಸ್ಪೀಕರ್ ನೋಡಿದರು, ಇವಳನ್ನು ನೋಡಿದರು, ಕನ್ನಡಕ ತೆಗೆದರು.

“ನೀವಾ!”

“ನಾನೇ.”

“ಅಯ್ಯೋ ನಿಮ್ಮ! ಮೂರು ವರ್ಷದಿಂದ ದಿನಾ ಎಂಟು ಗಂಟೆ ನಿಮ್ಮನ್ನ ಕೇಳ್ತಾ ಇದೀನಲ್ರೀ. ಮನೇಲಿ ಬಡಿಸೋವಾಗ ‘ಮುಂದಿನ ಟೋಕನ್’ ಅಂದುಬಿಡ್ತೀನಿ ಅಂತ ನಮ್ಮನೆಯವರು ಆಡ್ಕೊಂಡು ನಗ್ತಾರೆ.” ಪಕ್ಕದ ಕೌಂಟರಿನವರನ್ನು ಕರೆದು ತೋರಿಸಿದರು. ಫ್ಯಾನನ್ನು ಇವಳ ಕಡೆ ತಿರುಗಿಸಿದರು. ಒಂದು ಲೋಟ ನೀರು ತರಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು, “ಪರಿಚಯ ಆಯ್ತು ಅಂತ ದಿನ ಕಡಿಮೆ ಮಾಡೋಕಾಗಲ್ಲ, ಗೊತ್ತಾಯ್ತಾ? ಪುರಾವೆ ಬೇಕು,” ಎಂದರು.

ಆಗ ಅವಳಿಗೆ ಹೊಳೆಯಿತು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು. ಮೇಡಂ ಅವರಿಗೆ ಹೆಡ್‌ಫೋನ್ ಕೊಟ್ಟು, ಅದರ ಇನ್ನೊಂದು ಬದಿಯನ್ನು ತನ್ನ ಕಿವಿಗಿಟ್ಟುಕೊಂಡು, ಹೋದ ವರ್ಷದ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಹಾಕಿದಳು.

“ಆಗಸ್ಟ್ ಹನ್ನೆರಡು. ಅಕ್ಕನ ಮನೆ, ಸ್ಟೋರ್ ರೂಮ್. ಟೇಕ್ ಒಂದು. ಪ್ರಯಾಣಿಕರು ದಯವಿಟ್ಟು ತಮ್ಮ ಲಗೇಜನ್ನು…” ಎನ್ನುವಷ್ಟರಲ್ಲಿ ಆಚೆಯಿಂದ ವಯಸ್ಸಾದ ದನಿಯೊಂದು, “ಲೇ, ನನ್ನ ಕನ್ನಡಕ ಎಲ್ಲಿಟ್ಟಿದೀಯೇ?”

“ಅಮ್ಮಾ, ರೆಕಾರ್ಡಿಂಗ್!”

“ರೆಕಾರ್ಡಿಂಗ್ ಎಲ್ಲಿಗೂ ಓಡಿಹೋಗಲ್ಲ. ಕನ್ನಡಕ ಕೊಟ್ಟು ಹೋಗು.”

ಮೇಡಂ ಮೇಜು ತಟ್ಟಿ ನಕ್ಕರು. “ಇನ್ನೊಂದು ಹಾಕಿ.” ಆಗಸ್ಟ್ ಹದಿನಾಲ್ಕರಲ್ಲಿ ನೀರಿನ ಮೋಟರು, ಹದಿನಾರರಲ್ಲಿ ಭಾವ ಸ್ನಾನದ ಮನೆಯಿಂದ ಟವೆಲ್ಲು ಕೇಳಿದ್ದು. ಹಿಂದೆ ಐವತ್ತಮೂರು, ಐವತ್ತನಾಲ್ಕು ನಂಬರಿನವರು ಕತ್ತು ಉದ್ದ ಮಾಡಿ ಕಾಯುತ್ತಿದ್ದರು.

“ಆಗಸ್ಟ್ ಇಪ್ಪತ್ತು. ವಸ್ತು ಸಂಗ್ರಹಾಲಯ, ಸ್ಟುಡಿಯೋ. ಟೇಕ್ ಒಂದು.” ಇಲ್ಲಿ ಮೋಟರಿಲ್ಲ, ಭಾವನಿಲ್ಲ, ಟ್ರ್ಯಾಮೂ ಇಲ್ಲ.

“ಇದ್ಯಾಕೆ ಇಷ್ಟು ಸುಮ್ಮನಿದೆ?” ಎಂದರು ಮೇಡಂ.

“ಇದು ನಿಜವಾದ ಸ್ಟುಡಿಯೋ ಮೇಡಂ. ಆ ದೇಶದ್ದು. ನೋಡಕ್ಕೆ ಬರೋರಿಗೆ ನಮ್ಮ ಭಾಷೇಲಿ ವಿವರಣೆ ಬೇಕಿತ್ತು, ಎಂಟು ದಿನ ಅಲ್ಲೇ ಹೋಗಿ ಹೇಳಿದೆ.”

“ಬಾಯಲ್ಲಿ ಯಾರು ಬೇಕಾದ್ರೂ ತಾರೀಕು ಹೇಳಬಹುದು. ಅಲ್ಲಿ ಹೋಗೋಕೆ ಬಾಗಿಲಲ್ಲಿ ಯಾರೂ ಕೇಳಲ್ವಾ?”

“ಗಾರ್ಡ್ ಕೇಳ್ತಾನೆ. ಪಾಸ್‌ಪೋರ್ಟ್ ನಂಬರು, ಹೋದ ಹೊತ್ತು, ಬಂದ ಹೊತ್ತು ಎಲ್ಲಾ ಬರ್ದು ಸಹಿ…” ಎಂದು ದಯವಿಟ್ಟಮ್ಮ ಅಲ್ಲಿಗೇ ನಿಂತಳು.

“ಹ್ಞೂಂ,” ಎಂದರು ಮೇಡಂ. “ಆ ಪುಸ್ತಕದ ಹಾಳೆ ತರಿಸಿ. ನಾಳೆ ಬನ್ನಿ.”

ಅವಳ ಫೋನ್ ಬಂದ ಕೂಡಲೇ ಅತ್ತ ಗಂಡ ಅರ್ಧ ದಿನ ರಜೆ ಹಾಕಿ ಸಂಗ್ರಹಾಲಯಕ್ಕೆ ಓಡಿದ. ಹಳೇ ರಿಜಿಸ್ಟರುಗಳು ನೆಲಮಾಳಿಗೆಯಲ್ಲಿದ್ದವು. ಹುಡುಕಲು ಯಾರಿಗೂ ಮನಸ್ಸಿರಲಿಲ್ಲ. ಸಾಮಾನಿನ ಲಿಫ್ಟು ಎರಡು ವಾರದಿಂದ ಕೆಟ್ಟು ನಿಂತಿದೆ, ಅಷ್ಟು ಮೆಟ್ಟಿಲು ಯಾರು ಇಳಿಯೋದು ಎಂದರು. ಅವನು ತೋಳು ಮಡಚಿ, ಮುಕ್ಕಾಲು ಗಂಟೆಯಲ್ಲಿ ಲಿಫ್ಟು ಓಡಿಸಿ ತೋರಿಸಿ, ಅದರಲ್ಲೇ ರಿಜಿಸ್ಟರನ್ನು ಮೇಲೆ ತರಿಸಿ, ಹಾಳೆಗಳಿಗೆ ಮೊಹರು ಹೊಡೆಸಿ, ಸ್ಕ್ಯಾನ್ ಮಾಡಿಸಿ ಮೇಲ್‌ನಲ್ಲಿ ಕಳಿಸಿದ.

ಮರುದಿನ ಮೇಡಂ ಎಂಟು ಸಹಿಗಳನ್ನೂ ಪಾಸ್‌ಪೋರ್ಟಿನ ಸಹಿಯ ಪಕ್ಕದಲ್ಲಿಟ್ಟು ನೋಡಿದರು. “ಒಳಗೆ ಬರೋರನ್ನ ನಾವು ಬಿಡದೆ ಬರ್ಕೋತೀವಿ. ಆಗಸ್ಟ್ ಇಪ್ಪತ್ತಕ್ಕೆ ಹೊರಗಿದ್ರಿ, ಆಮೇಲೆ ಮೊನ್ನೆಯವರೆಗೂ ಬಂದಿಲ್ಲ. ಅಂದ್ಮೇಲೆ ಹೊರಗೇ ಇದ್ರಿ. ಆದರೆ ಹದಿನೆಂಟಕ್ಕೆ ಹೋದ್ರಿ ಅನ್ನೋದಕ್ಕೆ ಈಗಲೂ ಪುರಾವೆ ಇಲ್ಲ. ಹತ್ತೊಂಬತ್ತರವರೆಗೆ ಇದ್ರಿ ಅಂತ ಹಿಡೀತೀನಿ. ಒಟ್ಟು ನೂರ ಎಪ್ಪತ್ತೆರಡು. ನೀವು ಆ ವರ್ಷಕ್ಕೆ ಇಲ್ಲಿಯ ನಿವಾಸಿ ಅಲ್ಲ.”

ದಯವಿಟ್ಟಮ್ಮ ಉಸಿರುಬಿಟ್ಟು ಎದ್ದಳು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿವಾಸಿ ಅಲ್ಲದವರೂ ಈ ನೆಲದ ಮೇಲೆ ಕೂತು ಮಾಡಿದ ಕೆಲಸಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು. ಸ್ಟೋರ್ ರೂಮಲ್ಲಿ ಎಷ್ಟು ಕೆಲಸ ಮಾಡಿದ್ರಿ?”

“ಮೇಡಂ, ನಾನು ಆ ವಿಷಯ ಏನೂ ಹೇಳಲೇ ಇಲ್ವಲ್ಲ!”

“ನೀವೇ ಹೇಳಿದ್ರಿ. ನಿನ್ನೆ ನನ್ನ ಕಿವೀಲಿ. ತಾರೀಕು, ಜಾಗ, ಟೇಕು ಸಮೇತ. ಇಷ್ಟು ಸ್ಪಷ್ಟವಾಗಿ ಹೇಳೋರು ನನ್ನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ.”

ದಯವಿಟ್ಟಮ್ಮನ ಮುಖ ಮೊದಲು ಕೆಂಪಾಯಿತು. ಗೊತ್ತಿಲ್ಲದೆ ಮಾಡಿದ್ದಾದರೂ ಏನೋ ಮುಚ್ಚಿಟ್ಟು ಸಿಕ್ಕಿಬಿದ್ದಂತೆ ನಾಚಿಕೆಯಾಯಿತು. ಆಮೇಲೆ ನಗು ಬಂತು. ಮೇಡಂ ಅವರಿಗೂ ಬಂತು. ಇಬ್ಬರೂ ಕೂತು ಎಣಿಸಿದರು. ಎರಡೂ ಮಂಡಿಗಳ ಕಾಲದಲ್ಲಿ ಒಟ್ಟು ಇಪ್ಪತ್ತಮೂರು ಕೆಲಸ. ಕಟ್ಟಬೇಕಾದದ್ದು ಅವಳ ಒಂದು ತಿಂಗಳ ಮನೆ ಬಾಡಿಗೆಯಷ್ಟಾಯಿತು. ಕಟ್ಟಿದಳು.

“ಈ ರಸೀದಿ ಕಳ್ಕೋಬೇಡಿ,” ಎಂದರು ಮೇಡಂ. “ಎರಡು ದೇಶಕ್ಕೂ ಒಪ್ಪಂದ ಇದೆ. ಒಂದೇ ಸಂಪಾದನೆಗೆ ಎರಡು ಕಡೆ ಪೂರ್ತಿ ಕಟ್ಟಬೇಕಾಗಿಲ್ಲ. ಇದನ್ನ ಅಲ್ಲಿ ತೋರಿಸಿ, ನೀವು ಅಲ್ಲಿ ಕಟ್ಟಿದ್ರಲ್ಲಿ ಇಷ್ಟನ್ನ ಅವರು ವಾಪಸ್ ಕೊಡ್ತಾರೆ. ಮತ್ತೆ ಬಸ್ ಟಿಕೆಟ್ಟಿನ ಫೋಟೋ ತೆಗೆದಿಡಿ ಇನ್ನು ಮೇಲೆ.”

ಅವರು ಹೇಳಿದಂತೆಯೇ ಆಯಿತು. ಆ ದೇಶದವರು ಏಳು ತಿಂಗಳು ತೆಗೆದುಕೊಂಡರು, ಎರಡು ಸಲ ಅನುವಾದ ಕೇಳಿದರು, ಕೊನೆಗೆ ಕೊಟ್ಟರು. ಆ ದುಡ್ಡಿನಲ್ಲಿ ಗಂಡ ತನ್ನ ಕೋಟುಗಳಿಗೆ ಬೇರೆ ಕಪಾಟು ಕೊಳ್ಳೋಣ ಎಂದ. ಕೋಟು ಹೋದರೆ ದನಿ ಗುಂಯ್ ಅನ್ನುತ್ತದೆ ಎಂದು ಅವಳು ಬಿಡಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಅವಳು ವಾಪಸು ಹೊರಡುವ ಬೆಳಗ್ಗೆ ಅಕ್ಕನ ಮನೆಯಲ್ಲಿ ಬೇರೆಯೇ ವಿಚಾರಣೆ ನಡೆಯಿತು. ಅಮ್ಮ ಹೊಸ ಮಂಡಿಗಳ ಮೇಲೆ ಬಾಗಿಲಿಗೆ ಅಡ್ಡ ನಿಂತಿದ್ದರು.

“ವರ್ಷಕ್ಕೆ ಎಷ್ಟು ದಿನ ಇದ್ರೆ ತೊಂದರೆ ಇಲ್ಲ ಅಂದ್ರು ಆಯಮ್ಮ?”

“ನೂರ ಎಂಬತ್ತೆರಡರವರೆಗೂ ಇಲ್ಲಮ್ಮಾ.”

“ಸರ್ಕಾರದವರೇ ನೂರ ಎಂಬತ್ತೆರಡು ದಿನ ಇರು ಅಂತಿದಾರೆ. ನೀನು ನಾಲ್ಕಕ್ಕೇ ಹೊರಟಿದೀಯ. ಮಂಡಿ ಕೆಟ್ಟಾಗ ಮಾತ್ರ ತಾಯಿ ಬೇಕಾ ನಿನಗೆ?”

“ಹಾಗಲ್ಲಮ್ಮಾ. ಕೆಲಸ ಇದೆ. ಇಲ್ಲಿ ಕೂತು ಮಾಡಿದ್ರೆ ಇಲ್ಲೂ ಲೆಕ್ಕ ಬರ್ದು ಕೊಡಬೇಕು.”

“ಬರ್ದು ಕೊಡು. ಕೈಗೇನಾಗಿದೆ? ಮಂಡಿ ಬದಲಾಯಿಸಿಕೊಂಡಿದ್ದು ನಾನು.”

ಭಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಅಕ್ಕ ಬ್ಯಾಗಿಗೆ ಬ್ರೆಡ್ಡು, ನೀರಿನ ಬಾಟಲಿ ತುರುಕುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ದಯವಿಟ್ಟಮ್ಮ ಚಪ್ಪಲಿ ಮೆಟ್ಟಿಕೊಂಡು, ಅಮ್ಮನನ್ನು ಸಮಾಧಾನ ಮಾಡಲೆಂದು, “ಲೆಕ್ಕಕ್ಕೆ ನಾಲ್ಕು ಪೂರ್ತಿ ಸಿಕ್ತಲ್ಲಮ್ಮಾ. ಬಂದ ದಿನಾನೂ ಒಂದು, ಹೋಗೋ ದಿನಾನೂ ಒಂದು ಅಂತ ಹಿಡೀತಾರೆ,” ಎಂದಳು.

ಅಮ್ಮ ಬೆರಳು ಮಡಚಿ ಎಣಿಸಿದರು.

“ಅಂದ್ರೆ ಈಗ ಹೋದ್ರೂ ಇವತ್ತಿನ ದಿನ ಪೂರ್ತಿ ನಮ್ಮ ಕಡೇಗೇ ಬರ್ಕೋತಾರಾ?”

“ಹೌದಮ್ಮಾ.”

“ಹಾಗಿದ್ಮೇಲೆ ಬೆಳಗ್ಗೆನೇ ಯಾಕೆ ಹೋಗ್ತೀಯ? ಸಂಜೆ ಬಸ್ಸಿಗೆ ಹೋಗು.”

ಅಕ್ಕ ಬ್ಯಾಗಿನಿಂದ ಬ್ರೆಡ್ಡನ್ನು ವಾಪಸು ತೆಗೆದು ಮೇಜಿನ ಮೇಲಿಟ್ಟಳು. ದಯವಿಟ್ಟಮ್ಮ ಚಪ್ಪಲಿ ಬಿಚ್ಚಿ, ಟಿಕೆಟ್ ಸಂಜೆಗೆ ಬದಲಾಯಿಸಲು ಬಸ್ಸಿನವರಿಗೆ ಫೋನ್ ಹಚ್ಚಿದಳು.